ತುಂಗೆಯ ನಲ್ಲಿ ನೀರಿಗೆ ಕಾರ್ಬನ್ ಕೊಳವೆ: ಮನೆಯಲ್ಲೇ ಕಟ್ಟುವ ಕ್ರಮ

ಮಳೆಗಾಲದಲ್ಲಿ ತುಂಗೆ ಉಕ್ಕಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತು ಎಂಬ ಸುದ್ದಿ ಬಂದ ವಾರ ಶಿವಮೊಗ್ಗದ ಅಡುಗೆಮನೆಗಳಲ್ಲಿ ಎರಡು ದೂರು ಒಟ್ಟಿಗೆ ಕೇಳಿಬರುತ್ತವೆ. ಕಾಫಿಗೆ ಬ್ಲೀಚಿಂಗ್ ಪೌಡರ್ ವಾಸನೆ, ಕೊಡದ ತಳದಲ್ಲಿ ಕೆಂಪು ಗಸಿ. ಎರಡಕ್ಕೂ ಮೂಲ ಒಂದೇ. ಶೃಂಗೇರಿ, ತೀರ್ಥಹಳ್ಳಿ ಕಡೆಯ ಕಾಡು, ತೋಟ, ಗದ್ದೆಗಳನ್ನು ತೊಳೆದುಕೊಂಡು ಬರುವ ಹೊಳೆನೀರಿನಲ್ಲಿ ಮಣ್ಣಿನ ಜೊತೆಗೆ ಕೊಳೆತ ತರಗೆಲೆಯ ರಸವೂ ಇಳಿದಿರುತ್ತದೆ. ನೀರು ಸರಬರಾಜು ಘಟಕದಲ್ಲಿ ಹಾಕುವ ಪಟಿಕಕ್ಕೆ ಮಣ್ಣು ಕೂರುತ್ತದೆ. ಎಲೆರಸ ಪೂರ್ತಿ ಕೂರುವುದಿಲ್ಲ, ಮೇಲಾಗಿ ಅದು ಕ್ಲೋರಿನ್ನನ್ನು ತಿನ್ನುತ್ತದೆ. ನಲ್ಲಿಯ ಕೊನೆಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ಅಷ್ಟು ಉಳಿಯಬೇಕಾದರೆ ಮಳೆಗಾಲದಲ್ಲಿ ಮೊದಲೇ ಹೆಚ್ಚು ಹಾಕದೆ ವಿಧಿಯಿಲ್ಲ.

ವಾಸನೆ, ಬಣ್ಣ, ರುಚಿಯ ಮಟ್ಟಿಗೆ ಆಕ್ಟಿವೇಟೆಡ್ ಕಾರ್ಬನ್ನಿಗಿಂತ ಒಳ್ಳೆಯ ಮದ್ದಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ 10 ಇಂಚಿನ ಕಾರ್ಟ್ರಿಡ್ಜ್‌ನಲ್ಲಿ ಇರುವುದು ಅರ್ಧದಿಂದ ಮುಕ್ಕಾಲು ಲೀಟರ್ ಕಾರ್ಬನ್ ಅಷ್ಟೇ. ನಲ್ಲಿ ಪೂರ್ತಿ ತಿರುಗಿಸಿದರೆ ನೀರು 20 ಸೆಕೆಂಡಿನೊಳಗೆ ಅದನ್ನು ದಾಟಿ ಹೋಗುತ್ತದೆ. ಕ್ಲೋರಿನ್ ವಾಸನೆ ಹೋಗಲು ಅಷ್ಟು ಸಾಕು, ಎಲೆರಸಕ್ಕೆ ಸಾಲದು. ಈ ಬರಹದಲ್ಲಿ ಹೇಳುವ ಕೊಳವೆಯಲ್ಲಿ 5 ಲೀಟರ್ ಕಾರ್ಬನ್ ಇರುತ್ತದೆ, ನೀರು ಅದರೊಳಗೆ 5 ನಿಮಿಷ ಕಳೆಯುತ್ತದೆ. ಫಿಲ್ಟರ್ ಕೆಲಸ ಮಾಡುವುದು ಈ ಸಮಯದ ಬಲದಿಂದ. ಬ್ರ್ಯಾಂಡ್ ಯಾವುದು ಎನ್ನುವುದು ಆಮೇಲಿನ ಮಾತು.

ಮೊದಲು ಇದು ನಿಮಗೆ ಬೇಕೇ ನೋಡಿ

ಸ್ಥಳೀಯ ನೀರಿನ ಗುಣ ತಿಳಿಯದೆ ಫಿಲ್ಟರ್ ಕೊಳ್ಳುವುದು ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ. ತುಂಗೆಯ ನೀರು ಮೆದು ನೀರು. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಹಂಡೆಯ ಒಳಗೆ ಬಿಳಿ ಹೊಪ್ಪಳೆ ಕಟ್ಟುವುದು ಅಪರೂಪ. ಇಂಥ ನೀರಿಗೆ ಆರ್‌ಒ ಯಂತ್ರ ಹಾಕುವುದೆಂದರೆ ಇದ್ದಬದ್ದ ಲವಣವನ್ನೂ ಕಳೆದುಕೊಂಡು, ಕುಡಿಯುವ ಪ್ರತಿ ಲೀಟರಿಗೆ ಎರಡು ಮೂರು ಲೀಟರ್ ಮೋರಿಗೆ ಬಿಡುವುದು. ನೀರಿನ ಟಿಡಿಎಸ್ (ಲೀಟರಿನಲ್ಲಿ ಕರಗಿದ ಲವಣಾದಿಗಳ ಮಿಲಿಗ್ರಾಂ ಲೆಕ್ಕ) 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆ ನಿಲ್ಲಿಸುವಂತೆ ಕ್ರಮ ಕೈಗೊಳ್ಳಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇನಲ್ಲಿ ಹೇಳಿದ್ದೂ ಇದೇ ಕಾರಣಕ್ಕೆ. ಸಣ್ಣ ಟಿಡಿಎಸ್ ಪೆನ್ ಒಂದನ್ನು ನಲ್ಲಿ ನೀರಿಗೆ ಅದ್ದಿ ನೋಡಿ. ಹೊಳೆನೀರೇ ಬರುತ್ತಿದ್ದರೆ ಅಂಕಿ 500ರ ಹತ್ತಿರಕ್ಕೂ ಬರುವುದಿಲ್ಲ. ಮನೆ ಬಾಗಿಲಿಗೆ ಬಂದು ನೀರಿನಲ್ಲಿ ಎರಡು ಸರಳು ಇಟ್ಟು, ಕರೆಂಟ್ ಕೊಟ್ಟು, ನೀರು ಕಂದಾಗುವುದನ್ನು ತೋರಿಸಿ ಹೆದರಿಸುವವರಿದ್ದಾರೆ. ಆ ಕಂದು ಬಣ್ಣ ನಿಮ್ಮ ನೀರಿನದ್ದಲ್ಲ, ಅವರ ಕಬ್ಬಿಣದ ಸರಳು ಕರಗಿ ಬಂದ ತುಕ್ಕು.

ಪೆನ್ನಿನ ಅಂಕಿ ಏರಿದ್ದರೆ ಮನೆಯ ಸಂಪಿನ ತೊಟ್ಟಿಗೆ ಬೋರ್‌ವೆಲ್ ನೀರು ಬೆರೆಯುತ್ತಿದೆ ಎಂದೇ ಹೆಚ್ಚಿನ ಸಂದರ್ಭದಲ್ಲಿ ಅರ್ಥ. ಗಡಸುತನ, ಫ್ಲೋರೈಡ್, ನೈಟ್ರೇಟ್, ಉಪ್ಪು, ಇವು ಯಾವುದನ್ನೂ ಕಾರ್ಬನ್ ಹಿಡಿಯುವುದಿಲ್ಲ. ಕರಗಿದ ಕಬ್ಬಿಣವನ್ನೂ ಅಷ್ಟೇ. ಬದಲಿಗೆ ಕಬ್ಬಿಣವೇ ಕಾರ್ಬನ್ ಕಾಳಿನ ಮೇಲೆ ಕೆಂಪು ಲೋಳೆಯಾಗಿ ಕೂತು ಅದನ್ನು ಕೊಲ್ಲುತ್ತದೆ. ಬಕೆಟ್ಟಿನಲ್ಲಿ ರಾತ್ರಿ ಇಟ್ಟ ನೀರು ಬೆಳಿಗ್ಗೆಗೆ ಕೆಂಪಾಗಿ, ಮೇಲೆ ಎಣ್ಣೆಯಂಥ ಪದರ ಕಟ್ಟಿದರೆ ಮೊದಲು ಆಗಬೇಕಾದ್ದು ಕಬ್ಬಿಣದ ಚಿಕಿತ್ಸೆ.

ಹಳ್ಳಿಯ ಕಡೆ ಗುಡ್ಡದಿಂದ ಪೈಪಿನಲ್ಲಿ ಇಳಿಸಿಕೊಳ್ಳುವ ಅಬ್ಬಿ ನೀರಿಗೂ ಈ ಕೊಳವೆ ಬೇಡ. ಅದರಲ್ಲಿ ತೆಗೆಯಲು ಕ್ಲೋರಿನ್ನೇ ಇರುವುದಿಲ್ಲ. ದನ, ಕಾಡುಪ್ರಾಣಿ ಓಡಾಡುವ ನೀರಿನ ರೋಗಾಣುಗಳಿಗೆ ಕಾರ್ಬನ್ ಕಾಳಿನ ಸಂದುಗೊಂದು ಒಳ್ಳೆಯ ಬಾಡಿಗೆ ಮನೆಯಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ (ತಾಮ್ರದ ಲವಣ) ಬಾವಿಗೆ ಇಳಿದಿರಬಹುದೆಂಬ ಅನುಮಾನವಿದ್ದರೂ ಕಾರ್ಬನ್ ನಂಬಿ ಕೂರಬೇಡಿ. ಅನೇಕ ಕೀಟನಾಶಕಗಳನ್ನು ಅದು ಹಿಡಿಯುತ್ತದೆ, ತಾಮ್ರದ ವಿಷಯದಲ್ಲಿ ಆ ಭರವಸೆ ಇಲ್ಲ.

ಕಾರ್ಬನ್ ಆಯ್ಕೆ

ತೆಂಗಿನ ಕರಟವನ್ನು ಮೊದಲು ಇದ್ದಿಲು ಮಾಡಿ, ಆಮೇಲೆ 800ರಿಂದ 1000 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿದಾಗ ಆಗುವುದು ಆಕ್ಟಿವೇಟೆಡ್ ಕಾರ್ಬನ್, ಪಠ್ಯಪುಸ್ತಕದ ಮಾತಿನಲ್ಲಿ ಸಕ್ರಿಯ ಇಂಗಾಲ. ಹಬೆ ಇದ್ದಿಲನ್ನು ಒಳಗಿನಿಂದ ಕೊರೆದು ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡುತ್ತದೆ. ಒಂದು ಗ್ರಾಂ ಕಾಳಿನ ಒಳಮೈ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಕಾಲು ಎಕರೆ. ಒಲೆಯ ಇದ್ದಿಲಿಗೆ ಈ ಗುಣವಿಲ್ಲ. ಮನೆಯಲ್ಲಿ ಕರಟ ಸುಟ್ಟು ಆಕ್ಟಿವೇಟೆಡ್ ಕಾರ್ಬನ್ ಮಾಡಿಕೊಳ್ಳಬಹುದು ಎಂಬ ವಿಡಿಯೋಗಳನ್ನು ನೋಡಿ ಆನಂದಿಸಿ, ನೀರಿಗೆ ಹಾಕಬೇಡಿ.

ಅಂಗಡಿಯಲ್ಲಿ ಕೇಳಬೇಕಾದ್ದು ಹೀಗೆ: ಕರಟದ ಕಾರ್ಬನ್, ಕುಡಿಯುವ ನೀರಿನ ದರ್ಜೆ, ಅಯೋಡಿನ್ ಸಂಖ್ಯೆ (ಹೀರುವ ಶಕ್ತಿಯ ಅಳತೆ) 900ರಿಂದ 1100, ಕಾಳಿನ ಗಾತ್ರ 12×40 ಮೆಶ್. ಈ ಗಾತ್ರ ಎಂದರೆ 0.4ರಿಂದ 1.7 ಮಿಲಿಮೀಟರ್, ನೋಡಲು ಸಣ್ಣ ರವೆಯಿಂದ ರಾಗಿ ಕಾಳಿನವರೆಗೆ. 8×30 ಎಂಬ ದಪ್ಪ ಕಾಳೂ ಸಿಗುತ್ತದೆ, ಅದು ದೊಡ್ಡ ಟ್ಯಾಂಕುಗಳಿಗೆ ಸರಿ. ನಮಗೆ ಬೇಕಾದ್ದು 2.5 ಕೆ.ಜಿ. ತೊಳೆಯುವಾಗ ಪುಡಿ ಹೋಗುವುದರಿಂದ 3 ಕೆ.ಜಿ. ತನ್ನಿ.

ಅಸಲಿಯೋ ಅಲ್ಲವೋ ಎಂದು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಒಂದು ಗಾಜಿನ ಲೋಟದ ನೀರಿಗೆ ನೀಲಿ ಶಾಯಿ ಎರಡು ಹನಿ ಹಾಕಿ. ಎರಡು ಚಮಚ ಕಾರ್ಬನ್ನನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ ಅದಕ್ಕೆ ಹಾಕಿ, ಐದು ನಿಮಿಷ ಬಿಟ್ಟು ಬಿಟ್ಟು ಕದಡಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ನೀರು ಬಣ್ಣವಿಲ್ಲದೆ ಇಳಿದರೆ ಸರಕು ಸರಿಯಾಗಿದೆ. ನೀಲಿ ಹಾಗೇ ಉಳಿದರೆ ಕೊಟ್ಟಿರುವುದು ಬರೀ ಇದ್ದಿಲು. ಇನ್ನೊಂದು ಗುರುತು: ಒಳ್ಳೆಯ ಕಾರ್ಬನ್ನನ್ನು ಬಿಸಿನೀರಿಗೆ ಹಾಕಿದರೆ ಒಗ್ಗರಣೆಯ ಹಾಗೆ ಚುಸ್ ಎಂದು ಸದ್ದು ಮಾಡಿ, ಸಣ್ಣ ಗುಳ್ಳೆಗಳನ್ನು ತುಂಬಾ ಹೊತ್ತು ಬಿಡುತ್ತ ಮುಳುಗುತ್ತದೆ.

ಬೆಳ್ಳಿ ಲೇಪಿತ ಕಾರ್ಬನ್ ಕೂಡ ಮಾರುತ್ತಾರೆ. ಬೆಳ್ಳಿ ಕಾಳಿನ ಮೇಲೆ ಬ್ಯಾಕ್ಟೀರಿಯಾ ಬೆಳೆಯುವುದನ್ನು ನಿಧಾನ ಮಾಡುತ್ತದೆ, ನೀರನ್ನು ರೋಗಾಣುಮುಕ್ತ ಮಾಡುವುದಿಲ್ಲ. ಈ ವ್ಯತ್ಯಾಸ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲೂ ಇರುವುದಿಲ್ಲ.

ಸಾಮಾನು

110 ಮಿ.ಮೀ. ಪಿವಿಸಿ ಪೈಪ್ 1 ಮೀಟರ್. ಇದು ಐಎಸ್ 4985 ಗುರುತಿರುವ, 6 ಕೆ.ಜಿ. ಒತ್ತಡ ತಾಳುವ ನೀರಿನ ಪೈಪ್ ಆಗಿರಲಿ. ಸಂಡಾಸಿಗೆ ಹಾಕುವ ಪೈಪೂ ಅದೇ ಗಾತ್ರದಲ್ಲಿ, ಕಡಿಮೆ ದುಡ್ಡಿಗೆ ಸಿಗುತ್ತದೆ. ಅದು ಕುಡಿಯುವ ನೀರಿಗಾಗಿ ಮಾಡಿದ್ದಲ್ಲ. ತಳಕ್ಕೆ ಚಪ್ಪಟೆ ಎಂಡ್ ಕ್ಯಾಪ್, ತಲೆಗೆ ತಿರುಪಿ ತೆಗೆಯುವ ಕ್ಯಾಪ್. ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್ ಮೂರು, ಯೂನಿಯನ್ ಮೂರು, ಬಾಲ್ ವಾಲ್ವ್ ನಾಲ್ಕು, ಗೇಟ್ ವಾಲ್ವ್ ಒಂದು, ಟೀ ಮೂರು, ಎಲ್ಬೋಗಳು, ಅರ್ಧ ಇಂಚಿನ ಪೈಪ್. 10 ಇಂಚಿನ ಫಿಲ್ಟರ್ ಹೌಸಿಂಗ್ ಒಂದು, ಅದಕ್ಕೆ 5 ಮೈಕ್ರಾನ್ ಸ್ಪನ್ ಕಾರ್ಟ್ರಿಡ್ಜ್ (ಮಣ್ಣು ತಡೆಯುವ ಬಿಳಿ ದಿಂಡು) ನಾಲ್ಕೈದು. 60 ಮೆಶ್‌ನ ಸ್ಟೀಲ್ ಜಾಲರಿ ಅಂಗೈಯಗಲ. ಟೆಫ್ಲಾನ್ ಟೇಪು, ಗಮ್ಮು.

ತಳದ ಹಾಸಿಗೆಗೆ ಬೆಣಚುಕಲ್ಲು ಬೇಕು: ಕಡಲೆಕಾಳಿನ ಗಾತ್ರದ್ದು ಅರ್ಧ ಲೀಟರ್, ಹೆಸರುಕಾಳಿನ ಗಾತ್ರದ್ದು ಒಂದು ಲೋಟ, ರಾಗಿ ಗಾತ್ರದ ದಪ್ಪ ಮರಳು ಒಂದು ಲೋಟ. ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು, ಮೆದು ನೀರಿಗೆ ಕರಗುತ್ತದೆ, ಬೇಡ.

ಕಟ್ಟುವುದು

ತಳದ ಕ್ಯಾಪಿನ ನಟ್ಟನಡುವೆ ತೂತು ಕೊರೆದು ಟ್ಯಾಂಕ್ ನಿಪ್ಪಲ್ ಕೂರಿಸಿ. ಅದರ ಒಳಬಾಯಿಗೆ 5 ಸೆಂ.ಮೀ. ಉದ್ದದ ಅರ್ಧ ಇಂಚು ಪೈಪಿನ ತುಂಡು, ಮೇಲ್ತುದಿ ಮುಚ್ಚಿರಲಿ. ಆ ತುಂಡಿಗೆ ಗರಗಸದ ಬ್ಲೇಡಿನಿಂದ ಹತ್ತಿಪ್ಪತ್ತು ಗೀರು ಹಾಕಿ, ಮೇಲೆ ಜಾಲರಿಯನ್ನು ಎರಡು ಸುತ್ತು ಸುತ್ತಿ ಸ್ಟೀಲ್ ತಂತಿಯಲ್ಲಿ ಬಿಗಿಯಿರಿ. ತಲೆಯ ಕ್ಯಾಪಿಗೆ ಎರಡು ನಿಪ್ಪಲ್. ಒಂದು ನೀರು ಬರಲು, ಇನ್ನೊಂದು ತೊಳೆದ ಕೊಳೆ ಹೋಗಲು. ಮೂರಕ್ಕೂ ಯೂನಿಯನ್ ಹಾಕಿದರೆ ಕಾರ್ಬನ್ ಬದಲಿಸುವಾಗ ಪೈಪು ಕತ್ತರಿಸಬೇಕಾಗಿಲ್ಲ.

ಗಮ್ಮು ಹಚ್ಚಿದ ಮೇಲೆ ಒಂದು ದಿನ ಮುಟ್ಟಬೇಡಿ. ಆಮೇಲೆ ಖಾಲಿ ಕೊಳವೆಯಲ್ಲಿ ಒಂದು ದಿನ ಸಣ್ಣಗೆ ನೀರು ಹರಿಸಿ, ಗಿಡಗಳಿಗೆ ಬಿಡಿ. ಈ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಗಮ್ಮಿನ ದ್ರಾವಕದ ವಾಸನೆಯನ್ನು ಕಾರ್ಬನ್ ಆಸೆಯಿಂದ ಹೀರಿಕೊಳ್ಳುತ್ತದೆ. ಅವಸರದಲ್ಲಿ ತುಂಬಿದರೆ ಹೊಸ ಕಾರ್ಬನ್ನಿನ ಶಕ್ತಿಯ ಒಂದು ಪಾಲು ನೀರು ಕಾಣುವ ಮೊದಲೇ ಗಮ್ಮಿಗೆ ಖರ್ಚಾಗಿರುತ್ತದೆ.

ನೀರಿನ ದಾರಿ ಹೀಗೆ. ಮೇಲಿನ ಟ್ಯಾಂಕಿನಿಂದ ಬಂದ ಪೈಪಿಗೆ ಮೊದಲು ಮುಖ್ಯ ವಾಲ್ವ್, ನಂತರ ಸ್ಪನ್ ಹೌಸಿಂಗ್. ಹೌಸಿಂಗ್ ದಾಟಿದ ಮೇಲೆ ಟೀ ಹಾಕಿ ಎರಡು ಕವಲು ಮಾಡಿ. ಒಂದು ಕವಲು ಗೇಟ್ ವಾಲ್ವ್ ಮೂಲಕ ಕೊಳವೆಯ ತಲೆಗೆ. ಇನ್ನೊಂದು ಕವಲು ತೊಳೆಯುವ ವಾಲ್ವ್ ಮೂಲಕ ಕೊಳವೆಯ ತಳಕ್ಕೆ. ತಳದಲ್ಲಿ ಇನ್ನೊಂದು ಟೀ. ಅದರಿಂದ ಹೊರಟ ಪೈಪಿಗೆ ಕುಡಿನೀರಿನ ವಾಲ್ವ್. ತಲೆಯ ಎರಡನೇ ನಿಪ್ಪಲ್ಲಿಗೆ ಕೊಳೆ ವಾಲ್ವ್ ಹಾಕಿ, ಅಲ್ಲಿಂದ ಒಂದು ಪೈಪನ್ನು ಬಚ್ಚಲಿಗೋ ಸಿಂಕಿಗೋ ಬಿಡಿ.

ಕುಡಿನೀರಿನ ಪೈಪನ್ನು ತಳದಿಂದ ನೇರ ನಲ್ಲಿಗೆ ಒಯ್ಯಬಾರದು. ಕೊಳವೆಯ ಪಕ್ಕದಲ್ಲೇ ಮೇಲಕ್ಕೆ ಏರಿಸಿ, ತಳದಿಂದ 80 ಸೆಂ.ಮೀ. ಎತ್ತರದಲ್ಲಿ ಬಾಗಿಸಿ ಸುರಿಯಬೇಕು. ಆ ಬಾಗಿನ ನೆತ್ತಿಗೆ ಮೂರನೇ ಟೀ ಹಾಕಿ ಅದರ ಮೇಲ್ಬಾಯನ್ನು ತೆರೆದೇ ಬಿಡಿ, ಹುಳ ಹೋಗದಂತೆ ಜಾಲರಿ ಕಟ್ಟಿದರೆ ಸಾಕು. ಕಾರ್ಬನ್ನಿನ ಮೇಲ್ಮಟ್ಟ ಬರುವುದು 70 ಸೆಂ.ಮೀ.ಗೆ. ಬಾಗು ಅದಕ್ಕಿಂತ ಮೇಲಿದ್ದರೆ ಟ್ಯಾಂಕ್ ಖಾಲಿಯಾದರೂ ಕಾರ್ಬನ್ ಒಣಗುವುದಿಲ್ಲ. ತೆರೆದ ಬಾಯಿ ಇಲ್ಲದಿದ್ದರೆ ಸೈಫನ್ ಹಿಡಿದು ಕೊಳವೆಯ ನೀರೆಲ್ಲ ಇಳಿದುಹೋಗುತ್ತದೆ. ಒಮ್ಮೆ ಒಣಗಿದ ಹಾಸಿನಲ್ಲಿ ಗಾಳಿ ಸೇರಿಕೊಂಡು ಬಿರುಕು ಬೀಳುತ್ತದೆ, ಮುಂದೆ ನೀರು ಆ ಬಿರುಕಿನಲ್ಲೇ ಓಡುತ್ತದೆ. ಆಗ ಕೊಳವೆಯಲ್ಲಿ 5 ಲೀಟರ್ ಕಾರ್ಬನ್ ಇದ್ದರೂ ನೀರಿಗೆ ಸೋಕುವುದು ಅದರ ಒಂದಂಶ ಮಾತ್ರ.

ಕೊಳವೆಯನ್ನು ಒಂದೂವರೆ ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೋಡೆಗೆ ಎರಡು ಕಡೆ ಕ್ಲಾಂಪ್ ಹೊಡೆಯಿರಿ. ಸುರಿಯುವ ಬಾಯಿ ಅಡುಗೆಕಟ್ಟೆಯಿಂದ ಒಂದೂವರೆ ಅಡಿ ಮೇಲೆ ಬರುತ್ತದೆ, ಕೊಡ ಇಡಲು ಜಾಗ ಸಿಗುತ್ತದೆ.

ತೊಳೆದು ತುಂಬುವುದು

ಒಣ ಕಾರ್ಬನ್ನನ್ನು ಸುರಿಯುವಾಗ ಮೂಗಿಗೆ ಬಟ್ಟೆ ಇರಲಿ. ಬಕೆಟ್ಟಿಗೆ ಅರ್ಧ ನೀರು ಮೊದಲು, ಕಾರ್ಬನ್ ಆಮೇಲೆ. ಅಡಿಮೇಲಾದರೆ ಅಡುಗೆಮನೆಯ ಗೋಡೆ ನೆನಪಿಟ್ಟುಕೊಳ್ಳುತ್ತದೆ. ಕೈಯಿಂದ ಮೆಲ್ಲಗೆ ತಿರುಗಿಸಿ, ಕಪ್ಪು ನೀರು ಚೆಲ್ಲಿ, ಮತ್ತೆ ನೀರು ಹಾಕಿ. ಅಕ್ಕಿ ತೊಳೆದ ಹಾಗೆ ಉಜ್ಜಬೇಡಿ, ಉಜ್ಜಿದಷ್ಟೂ ಹೊಸ ಪುಡಿ ಹುಟ್ಟುತ್ತದೆ. ಐದಾರು ಸಲಕ್ಕೆ ನೀರು ತಿಳಿಯಾಗುತ್ತದೆ.

ತೊಳೆದದ್ದನ್ನು ಮುಳುಗುವಷ್ಟು ನೀರಿನಲ್ಲಿ ಪೂರ್ತಿ ಒಂದು ದಿನ ನೆನೆಹಾಕಿ. ಕಾಳಿನೊಳಗಿನ ರಂಧ್ರಗಳಲ್ಲಿ ಗಾಳಿ ಇರುವವರೆಗೆ ನೀರು ಒಳಗೆ ಹೋಗುವುದಿಲ್ಲ. ಅವಸರವಿದ್ದರೆ ಸ್ಟೀಲ್ ಪಾತ್ರೆಯಲ್ಲಿ ಕುದಿನೀರು ಹಾಕಿ ನಾಲ್ಕು ಗಂಟೆ ಇಟ್ಟು, ತಣಿದ ಮೇಲೆ ತುಂಬಿ. ಕುದಿನೀರನ್ನು ಕೊಳವೆಗೆ ಮಾತ್ರ ಸುರಿಯಬೇಡಿ, ಪಿವಿಸಿ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ.

ಕೊಳವೆಗೆ ಮೊದಲು ಅರ್ಧದಷ್ಟು ನೀರು ತುಂಬಿ. ನೀರಿನೊಳಗೆ ಕಡಲೆಕಲ್ಲು 6 ಸೆಂ.ಮೀ., ಹೆಸರುಕಲ್ಲು 2 ಸೆಂ.ಮೀ., ರಾಗಿಮರಳು 2 ಸೆಂ.ಮೀ. ಒಂದರ ಮೇಲೊಂದು ಇಳಿಬಿಡಿ. ಮೇಲೆ ನೆನೆದ ಕಾರ್ಬನ್ನನ್ನು ಲೋಟದಲ್ಲಿ ನೀರಿನ ಸಮೇತ ಸುರಿಯುತ್ತ ಹೋಗಿ, 60 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿ. ಕಡ್ಡಿಯೊಂದನ್ನು ಇಳಿಸಿ ಅಳೆದುಕೊಳ್ಳಿ. ಉಳಿದ 30 ಸೆಂ.ಮೀ. ಖಾಲಿಯೇ ಇರಬೇಕು. ಇನ್ನೂ ಜಾಗವಿದೆಯಲ್ಲ ಎಂದು ಕುತ್ತಿಗೆಯವರೆಗೆ ತುಂಬಿದರೆ ಹಿಂತೊಳೆತದಲ್ಲಿ (ತಳದಿಂದ ಮೇಲಕ್ಕೆ ನೀರು ಹಾಯಿಸಿ ತೊಳೆಯುವಾಗ) ಕಾರ್ಬನ್ ಮೇಲೇಳಲು ಎಡೆಯಿರುವುದಿಲ್ಲ, ಎದ್ದದ್ದು ಬಚ್ಚಲು ಸೇರುತ್ತದೆ.

ತುಂಬಿದ ಮೇಲೆ ಮೊದಲ ಕೆಲಸ ಹಿಂತೊಳೆತ. ಗೇಟ್ ವಾಲ್ವ್, ಕುಡಿನೀರಿನ ವಾಲ್ವ್ ಮುಚ್ಚಿ. ತೊಳೆಯುವ ವಾಲ್ವ್, ಕೊಳೆ ವಾಲ್ವ್ ತೆಗೆಯಿರಿ. ನಿಮಿಷಕ್ಕೆ 3 ಲೀಟರಿನಂತೆ ನೀರು ತಳದಿಂದ ಮೇಲಕ್ಕೆ 10 ನಿಮಿಷ ಹೋಗಲಿ. ಕೊಳೆ ಪೈಪಿನ ಬಾಯಿಗೆ ಬಿಳಿ ಬಕೆಟ್ ಹಿಡಿದು ನೋಡುತ್ತಿರಿ. ಬೂದು ನೀರು ಬರುವುದು ಸರಿ. ಕಾಳು ಬಂದರೆ ವೇಗ ಹೆಚ್ಚಾಗಿದೆ, ತಗ್ಗಿಸಿ. ಆಮೇಲೆ ನೀರನ್ನು ಸರಿದಿಕ್ಕಿಗೆ ತಿರುಗಿಸಿ ಮೊದಲ 100ರಿಂದ 150 ಲೀಟರ್ ತೋಟಕ್ಕೆ ಬಿಡಿ. ಹೊಸ ಕರಟದ ಕಾರ್ಬನ್ನಿನಲ್ಲಿ ಬೂದಿಯ ಕ್ಷಾರ ಇರುವುದರಿಂದ ಆರಂಭದ ನೀರು ಸ್ವಲ್ಪ ಜಾರುಜಾರಾಗಿ, ಸೋಡಾ ರುಚಿ ಇರಬಹುದು. ಅದು ತಾನೇ ಹೋಗುತ್ತದೆ.

ವೇಗ ಕೂರಿಸುವುದು

ಇಷ್ಟೆಲ್ಲ ಮಾಡಿ ಇಲ್ಲಿ ಎಡವುವವರೇ ಹೆಚ್ಚು. ಟ್ಯಾಂಕ್ ತುಂಬಿರುವಾಗ ಲೀಟರ್ ಅಳತೆಯ ಪಾತ್ರೆ, ಗಡಿಯಾರ ಹಿಡಿದು ನಿಲ್ಲಿ. ಒಂದು ಲೀಟರ್ ತುಂಬಲು ಒಂದು ನಿಮಿಷಕ್ಕಿಂತ ಕಡಿಮೆ ಆಗದಂತೆ ಗೇಟ್ ವಾಲ್ವ್ ಬಿಗಿ ಮಾಡಿ, ಅದರ ಹಿಡಿಕೆಗೆ ಟೇಪು ಸುತ್ತಿ. ದಿನವೂ ತೆಗೆದು ಮುಚ್ಚುವುದು ಮುಖ್ಯ ವಾಲ್ವನ್ನು ಮಾತ್ರ, ಗೇಟ್ ವಾಲ್ವಿನ ತಂಟೆಗೆ ಯಾರೂ ಹೋಗಬಾರದು. ಟ್ಯಾಂಕ್ ಇಳಿದಂತೆ, ಸ್ಪನ್ ಕಟ್ಟಿದಂತೆ ವೇಗ ತಗ್ಗುತ್ತದೆ. ತಗ್ಗಿದರೆ ನಷ್ಟವೇನಿಲ್ಲ, ಕಾರ್ಬನ್ನಿಗೆ ಇನ್ನಷ್ಟು ಸಮಯ ಸಿಕ್ಕಿತು.

ಲೆಕ್ಕ ಬೇಕಾದವರಿಗೆ: ಕೊಳವೆಯ ಒಳ ಅಡ್ಡಳತೆ ಸುಮಾರು 10.3 ಸೆಂ.ಮೀ., ಅಡ್ಡಕೊಯ್ತದ ವಿಸ್ತೀರ್ಣ 83 ಚದರ ಸೆಂ.ಮೀ. ಅದನ್ನು 60 ಸೆಂ.ಮೀ.ನಿಂದ ಗುಣಿಸಿದರೆ 5 ಲೀಟರ್. ನಿಮಿಷಕ್ಕೆ 1 ಲೀಟರ್ ಹರಿದರೆ ಸಂಪರ್ಕದ ಸಮಯ 5 ನಿಮಿಷ. ಇಷ್ಟು ನಿಧಾನದಲ್ಲಿ ಶುದ್ಧ ಹಾಸು ತಿನ್ನುವ ಒತ್ತಡ ಒಂದು ಗೇಣು ನೀರಿನಷ್ಟು, ಹಾಗಾಗಿ ಪಂಪು ಬೇಡ, ಮಾಳಿಗೆಯ ಮೇಲಿನ ಟ್ಯಾಂಕೇ ಸಾಕು. ಒತ್ತಿ ಮಾಡಿದ ಕಾರ್ಬನ್ ಬ್ಲಾಕ್‌ಗಳು ಟ್ಯಾಂಕಿನ ಒತ್ತಡಕ್ಕೆ ತೊಟ್ಟಿಕ್ಕುವುದು ಇದಕ್ಕೇ. ಅವು ಪಂಪಿನ ನೀರಿಗೆ ಮಾಡಿದವು.

ಒಂದು ಕೊಡಕ್ಕೆ ಕಾಲು ಗಂಟೆ ಆಗುತ್ತದೆ. ಬೆಳಿಗ್ಗೆ ತಿಂಡಿ ಆಗುವಷ್ಟರಲ್ಲಿ ತುಂಬಿರುತ್ತದೆ.

ಕಾರ್ಬನ್ ಆದ ಮೇಲೆ ಕುದಿಸಿ

ಕಾರ್ಬನ್ ಕ್ಲೋರಿನ್ನನ್ನು ಸೋಸಿ ಹಿಡಿದಿಡುವುದಿಲ್ಲ, ಅದರೊಂದಿಗೆ ರಾಸಾಯನಿಕವಾಗಿ ವರ್ತಿಸಿ ಕ್ಲೋರೈಡ್ ಮಾಡಿಬಿಡುತ್ತದೆ. ಹಾಗಾಗಿ ಕೊಳವೆಯಿಂದ ಹೊರಬಂದ ನೀರಿಗೆ ಕಾವಲುಗಾರನೇ ಇಲ್ಲ. ಮೇಲಿನ ಕೆಲವು ಬೆರಳು ದಾಟಿದರೆ ಕಾರ್ಬನ್ ಹಾಸಿನೊಳಗೂ ಕ್ಲೋರಿನ್ ಇರುವುದಿಲ್ಲ, ಅಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿ, ಎಲ್ಲವೂ ಅಲ್ಲ. ಫಿಲ್ಟರ್ ಇದೆಯಲ್ಲ ಎಂದು ಕುದಿಸುವುದನ್ನು ಬಿಟ್ಟ ಮನೆಗೆ ಫಿಲ್ಟರೇ ಇಲ್ಲದ ಮನೆಗಿಂತ ಅಪಾಯ ಹೆಚ್ಚು.

ಕುದಿಸುವುದೆಂದರೆ ತಳಮಳ ಕುದಿ ಬಂದ ಮೇಲೆ ಒಂದು ನಿಮಿಷ. ಸಮುದ್ರಮಟ್ಟದಿಂದ 2000 ಮೀಟರ್ ದಾಟಿದ ಮೇಲಷ್ಟೇ ಮೂರು ನಿಮಿಷ ಬೇಕು, ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಅದಕ್ಕಿಂತ ಕೆಳಗೇ ಇದೆ. ಹತ್ತು ನಿಮಿಷ ಕುದಿಸಿ ಗ್ಯಾಸ್ ಸುಡಬೇಕಾಗಿಲ್ಲ. ಕುದಿಸಿದ್ದನ್ನು ಮುಚ್ಚಳದ ಪಾತ್ರೆಯಲ್ಲಿಟ್ಟು, ಕೈ ಅದ್ದದೆ ನಲ್ಲಿಯಿಂದಲೋ ಉದ್ದ ಹಿಡಿಕೆಯ ಸೌಟಿನಿಂದಲೋ ತೆಗೆದು, ಅಂದೇ ಮುಗಿಸಿ.

ರೋಗಾಣು ಕೊಲ್ಲಲು ಯುವಿ (ಅತಿನೇರಳೆ) ದೀಪ ಹಾಕುವುದಾದರೆ ಅದರ ಜಾಗ ಕಾರ್ಬನ್ ಆದ ಮೇಲೆ. ಮಳೆಗಾಲದ ಎಲೆರಸದ ಹಳದಿ ಛಾಯೆ ಯುವಿ ಬೆಳಕನ್ನು ನುಂಗುತ್ತದೆ. ಕಾರ್ಬನ್ ಆ ಛಾಯೆ ತೆಗೆದ ನಂತರವೇ ಬೆಳಕು ರೋಗಾಣುವಿಗೆ ತಲುಪುವುದು. ದೀಪ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು. ಕಣ್ಣಿಗೆ ಕಾಣುವ ನೀಲಿ ಉಳಿದು, ಕೊಲ್ಲುವ ಕಿರಣ ಕುಗ್ಗಿರುತ್ತದೆ.

ವರ್ಷದ ಆರೈಕೆ

ಬೇಸಿಗೆಯಲ್ಲಿ ಸ್ಪನ್ ಎರಡು ಮೂರು ತಿಂಗಳು ಬರುತ್ತದೆ. ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ತಿಂಗಳಿಗೊಂದು. ಹೊಳೆ ಕೆಂಪಗೆ ತುಂಬಿದ ವಾರಗಳಲ್ಲಿ ಹದಿನೈದು ದಿನಕ್ಕೇ ಕಾಫಿ ಬಣ್ಣಕ್ಕೆ ತಿರುಗೀತು. ಅದನ್ನು ತೊಳೆದು ಮತ್ತೆ ಹಾಕುವ ಲೋಭ ಬೇಡ. ಸ್ಪನ್ ಅಗ್ಗ, ಕಾರ್ಬನ್ ದುಬಾರಿ. ಮೊದಲನೆಯದು ಎರಡನೆಯದರ ಪರವಾಗಿ ಮಣ್ಣು ತಿನ್ನಲೆಂದೇ ಇರುವುದು.

ಹಿಂತೊಳೆತವನ್ನು ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ, ಇಲ್ಲವೇ ಹೊಸ ಸ್ಪನ್ ಹಾಕಿದರೂ ಹರಿವು ನಿಧಾನವಾದಾಗ ಮಾಡಿ. ಪ್ರತಿ ವಾರ ಮಾಡುವ ಉತ್ಸಾಹ ಬೇಡ. ಹಾಸಿನ ಮೇಲ್ಭಾಗ ಮೊದಲು ಸವೆಯುತ್ತದೆ, ತಳಭಾಗ ಹೊಸದಾಗಿಯೇ ಇರುತ್ತದೆ. ಹಿಂತೊಳೆತ ಎರಡನ್ನೂ ಕಲಸುತ್ತದೆ, ಕೊನೆಗೆ ಕಾವಲಿರಬೇಕಾದ ಹೊಸ ಕಾಳು ಚದುರಿ ಹೋಗುತ್ತದೆ. ತೊಳೆದಾದ ಮೇಲೆ 10 ಲೀಟರ್ ಚೆಲ್ಲಿ ಬಳಸಲು ಶುರುಮಾಡಿ.

ಕಾರ್ಬನ್ ಬದಲಿಸಲು ಸರಿಯಾದ ಕಾಲ ಮೇ ಕೊನೆಯ ವಾರ. ದಿನಕ್ಕೆ 20 ಲೀಟರ್ ಬಳಸುವ ಮನೆಗೆ ವರ್ಷಕ್ಕೆ 7300 ಲೀಟರ್. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಎಂದರೂ ಒಟ್ಟು ನಾಲ್ಕು ಗ್ರಾಂ ಮುಟ್ಟುವುದಿಲ್ಲ. ಎರಡೂವರೆ ಕೆ.ಜಿ. ಕಾರ್ಬನ್ನಿಗೆ ಇದು ಲೆಕ್ಕಕ್ಕೇ ಇಲ್ಲ. ಹಾಗಾದರೆ ವರ್ಷಕ್ಕೇಕೆ ಬದಲಿಸಬೇಕು? ಎಲೆರಸ ರಂಧ್ರಗಳನ್ನು ಕಟ್ಟುತ್ತದೆ. ಎಲೆರಸ ಮತ್ತು ಕ್ಲೋರಿನ್ ಸೇರಿ ಆಗುವ ರಾಸಾಯನಿಕಗಳಾದ ಟ್ರೈಹಾಲೋಮೀಥೇನ್‌ಗಳನ್ನು ಹಿಡಿಯುವ ಶಕ್ತಿ ಕ್ಲೋರಿನ್ ತೆಗೆಯುವ ಶಕ್ತಿಗಿಂತ ಎಷ್ಟೋ ಮೊದಲೇ ಮುಗಿಯುತ್ತದೆ. ಬೇಸಿಗೆಯಲ್ಲಿ ನಿಂತ ನೀರಿನ ಪಾಚಿಯಿಂದ ಬರುವ ಮಣ್ಣುವಾಸನೆಗೂ ಇದೇ ಮಾತು. ಅದರ ಮೂಲವಾದ ಜಿಯೋಸ್ಮಿನ್ ಲೀಟರಿಗೆ 10 ನ್ಯಾನೋಗ್ರಾಂ ಇದ್ದರೂ ನಮ್ಮ ಮೂಗಿಗೆ ತಿಳಿಯುತ್ತದೆ. ವಾಸನೆ ಬರತೊಡಗಿತು ಎಂದರೆ ಕ್ಲೋರಿನ್ ಪರೀಕ್ಷೆಯಲ್ಲಿ ಪಾಸಾದರೂ ಕಾರ್ಬನ್ ಮುಗಿದಿದೆ. ಮಳೆಗಾಲದ ನೀರಿಗೆ ಹಳೆಯ, ಅರೆಹೊಟ್ಟೆ ತುಂಬಿದ ಕಾರ್ಬನ್ ಒಡ್ಡುವುದಕ್ಕಿಂತ ಹೊಸದನ್ನು ಒಡ್ಡುವುದು ಲಾಭ, ಅದಕ್ಕೇ ಮೇ.

ತಿಂಗಳಿಗೊಮ್ಮೆ ಹಳದಿ ಬಣ್ಣ ತೋರಿಸುವ ಬಗೆಯ ಕ್ಲೋರಿನ್ ಕಿಟ್‌ನಿಂದ ಕೊಳವೆಯ ಮುಂಚಿನ ನೀರು, ನಂತರದ ನೀರು ಎರಡನ್ನೂ ನೋಡಿ. ಮುಂಚಿನದು ಹಳದಿಗೆ ತಿರುಗಬೇಕು, ನಂತರದ್ದು ಬಣ್ಣವಿಲ್ಲದೆ ಉಳಿಯಬೇಕು. ಪರೀಕ್ಷೆಯ ದ್ರಾವಣ ವಿಷ, ನೋಡಿದ ನೀರನ್ನು ಚೆಲ್ಲಿ. ಮುಂಚಿನದರಲ್ಲೇ ಬಣ್ಣ ಬಾರದಿದ್ದರೆ ದೋಷ ಕೊಳವೆಯದ್ದಲ್ಲ. ಸಂಪು, ಟ್ಯಾಂಕ್ ತೊಳೆದು ಎಷ್ಟು ತಿಂಗಳಾಯಿತು ಎಂದು ಕೇಳಿಕೊಳ್ಳಿ.

ಕೆಡುವುದು, ಕಾರಣ, ಪರಿಹಾರ

ಕೊಳೆತ ಮೊಟ್ಟೆಯ ವಾಸನೆ: ವಾರಗಟ್ಟಲೆ ಬಳಸದೆ ನಿಂತ ಕೊಳವೆಯಲ್ಲಿ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಹುಟ್ಟಿದೆ. ಬ್ಲೀಚಿಂಗ್ ಪೌಡರ್ ಕಲಸಿ ಸುರಿದರೆ ಆಗದೇ ಎಂದು ಕೇಳುವವರಿದ್ದಾರೆ. ಕ್ಲೋರಿನ್ ತಿನ್ನುವುದೇ ಕಾರ್ಬನ್ನಿನ ಕಸುಬು, ತಳ ಮುಟ್ಟುವ ಮೊದಲೇ ಅದು ಮುಗಿದಿರುತ್ತದೆ. ಕಾರ್ಬನ್ ತೆಗೆದು, ಖಾಲಿ ಕೊಳವೆ ಮತ್ತು ಕಲ್ಲುಗಳನ್ನು ಬ್ಲೀಚಿಂಗ್ ನೀರಲ್ಲಿ ತೊಳೆದು, ಹೊಸದು ತುಂಬಿ. ದೀಪಾವಳಿಗೆ ಊರಿಗೆ ಹೋಗಿ ಮೂರು ನಾಲ್ಕು ದಿನಕ್ಕೆ ವಾಪಸಾದರೆ ಮಾತ್ರ ಇಷ್ಟು ಗಾಬರಿ ಬೇಡ, 10 ಲೀಟರ್ ಹರಿಯಬಿಟ್ಟರೆ ಸಾಕು.

ಕಪ್ಪು ಪುಡಿ ನಿಲ್ಲದಿದ್ದರೆ ಜಾಲರಿ ಜಾರಿದೆ, ಇಲ್ಲವೇ ಕಲ್ಲಿನ ಪದರ ಕಲಸಿಹೋಗಿದೆ. ಕುಡಿದರೆ ಅಪಾಯವಿಲ್ಲ, ಆದರೆ ಯುವಿ ದೀಪವಿದ್ದರೆ ಪುಡಿಯ ನೆರಳಿನಲ್ಲಿ ರೋಗಾಣು ಪಾರಾಗುತ್ತವೆ. ಹರಿವು ಜೋರಾಗಿದ್ದೂ ವಾಸನೆ ಬರುತ್ತಿದ್ದರೆ ಯಾರೋ ಗೇಟ್ ವಾಲ್ವ್ ತಿರುಗಿಸಿದ್ದಾರೆ, ಮತ್ತೆ ಗಡಿಯಾರ ಹಿಡಿಯಿರಿ. ವೇಗ ಸರಿಯಿದ್ದೂ ಹೊಸ ಕಾರ್ಬನ್ನಿನಲ್ಲಿ ವಾಸನೆ ಉಳಿದರೆ ಹಾಸಿನಲ್ಲಿ ಗಾಳಿ ಸೇರಿದೆ, ಒಮ್ಮೆ ಹಿಂತೊಳೆತ ಮಾಡಿ ಹಾಸು ಕೂರಲು ಬಿಡಿ.

ಹಾಸ್ಟೆಲು, ಹೋಟೆಲು, ಕಲ್ಯಾಣ ಮಂಟಪಗಳಲ್ಲಿ ಆಳೆತ್ತರದ ಫೈಬರ್ ಟ್ಯಾಂಕುಗಳಲ್ಲಿ ಇದೇ ಕೆಲಸ ನಡೆಯುತ್ತದೆ. ಅಲ್ಲಿ ಒಂದು ಎಚ್ಚರ ತಪ್ಪಲೇಬಾರದು. ಒದ್ದೆ ಕಾರ್ಬನ್ ಮುಚ್ಚಿದ ಜಾಗದ ಆಮ್ಲಜನಕವನ್ನು ಹೀರುತ್ತದೆ. ಮನುಷ್ಯ ಇಳಿಯುವಷ್ಟು ದೊಡ್ಡ ಟ್ಯಾಂಕಿನೊಳಗೆ ಕಾರ್ಬನ್ ತೆಗೆಯಲು ಯಾರನ್ನೂ ಇಳಿಸಬೇಡಿ, ತಲೆ ಹಾಕಿಯೂ ನೋಡಬೇಡಿ. ನೀರು ಹಾಯಿಸಿ, ಪೈಪಿನಲ್ಲಿ ಹೊರಗೆಳೆಯುವುದೇ ಕ್ರಮ.

ತೆಗೆದ ಹಳೆಯ ಕಾರ್ಬನ್ನನ್ನು ಬಿಸಿಲಿಗೆ ಹರವಿದರೆ, ಬಾಣಲೆಯಲ್ಲಿ ಹುರಿದರೆ ಮತ್ತೆ ಹೊಸದಾಗುವುದಿಲ್ಲ. ಅದಕ್ಕೆ ಮತ್ತೆ ಕಾರ್ಖಾನೆಯ ಕುಲುಮೆಯೇ ಬೇಕು. ಕುಂಡದ ಮಣ್ಣಿಗೆ ಬೆರೆಸಿದರೆ ಮಣ್ಣು ಸಡಿಲವಾಗುತ್ತದೆ. ಹೊಸದು ತುಂಬಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆಯಬೇಡಿ, ಜನವರಿಗೆ ಕ್ಯಾಲೆಂಡರ್ ಬದಲಾಗುತ್ತದೆ. ಕೊಳವೆಯ ಮೈಮೇಲೆಯೇ ಮಾರ್ಕರ್‌ನಲ್ಲಿ ಬರೆಯಿರಿ.